ಬೆಲ್ಲದ ವೆಬ್‌ಸೈಟಿಗೆ ಬಂದ ವಕೀಲರ ನೋಟಿಸು: ಯಾವ ಮಾತಿಗೆ ಯಾರು ಹೊಣೆ?

ಪ್ರಶ್ನೆ: ನಾವು ಮಂಡ್ಯ ಜಿಲ್ಲೆಯವರು. ಸ್ವಂತ ಆಲೆಮನೆ ಇದೆ. ಎರಡು ವರ್ಷದಿಂದ ವೆಬ್‌ಸೈಟ್ ಮಾಡಿಕೊಂಡು ನಮ್ಮ ಬೆಲ್ಲ, ಜೊತೆಗೆ ಊರಿನ ಹತ್ತು ಹನ್ನೆರಡು ರೈತರ ಅಕ್ಕಿ, ರಾಗಿ, ಗಾಣದ ಎಣ್ಣೆ ಮಾರುತ್ತಿದ್ದೇವೆ. ಗ್ರಾಹಕರು ಅಭಿಪ್ರಾಯ ಬರೆಯಲು ಜಾಗ ಕೊಟ್ಟಿದ್ದೇವೆ. ಅಲ್ಲಿ ಒಬ್ಬರು ಪಕ್ಕದ ತಾಲ್ಲೂಕಿನ ಆಲೆಮನೆಯೊಂದರ ಹೆಸರು ಹೇಳಿ "ಹೈಡ್ರೋಸ್ ಸುರಿದು ಬೆಳ್ಳಗೆ ಮಾಡ್ತಾರೆ" ಎಂದು ಬರೆದರು (ಹೈಡ್ರೋಸ್ ಅಂದರೆ ಬೆಲ್ಲದ ಬಣ್ಣ ತಿಳಿ ಮಾಡುವ ರಾಸಾಯನಿಕ). ನಮ್ಮ ಹುಡುಗ ಅದಕ್ಕೆ "ವಿಷದ ಬೆಲ್ಲ, ಎಚ್ಚರ!" ಅಂತ ತಲೆಬರಹ ಕೊಟ್ಟು ಮುಖಪುಟದಲ್ಲಿ ಹಾಕಿದ. ಈಗ ಮೈಸೂರಿನ ವಕೀಲರೊಬ್ಬರಿಂದ ನೋಟಿಸು ಬಂದಿದೆ. ಏಳು ದಿನದಲ್ಲಿ ತೆಗೆಯಬೇಕಂತೆ, ಕ್ಷಮೆ ಕೇಳಬೇಕಂತೆ, 10 ಲಕ್ಷ ಕೊಡಬೇಕಂತೆ, ಬರೆದವರ ಫೋನ್ ನಂಬರೂ ಬೇಕಂತೆ. ಬರೆದವರು ಯಾರೋ, ನಾವು ಹೇಗೆ ಹೊಣೆ? ವೆಬ್‌ಸೈಟ್ ನಡೆಸುವವರ ಮೇಲೆ ಇನ್ನೇನೇನು ಕಾನೂನುಗಳಿವೆ?

ಉತ್ತರ: "ಬರೆದವರು ಯಾರೋ" ಎಂಬುದು ಅರ್ಧ ನಿಜ. ಹೈಡ್ರೋಸ್ ವಿಚಾರದ ವಾಕ್ಯ ಗ್ರಾಹಕರದು. ತಲೆಬರಹ ನಿಮ್ಮದು. ಅದನ್ನು ಎತ್ತಿಕೊಂಡು ಹೋಗಿ ಮುಖಪುಟದಲ್ಲಿ ಕೂರಿಸಿದ್ದೂ ನಿಮ್ಮ ಮನೆಯವರೇ. ನೋಟಿಸಿಗೆ ಉತ್ತರ ಬರೆಯುವ ಮುಂಚೆ ಇವೆರಡನ್ನೂ ಬೇರೆ ಮಾಡಿಕೊಳ್ಳಿ. ನ್ಯಾಯಾಲಯವೂ ಬೇರೆಬೇರೆಯಾಗಿಯೇ ನೋಡುತ್ತದೆ.

ಬೇರೆಯವರ ಬರಹಕ್ಕೆ ಜಾಗ ಕೊಟ್ಟವರನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 'ಮಧ್ಯವರ್ತಿ' ಎಂದು ಕರೆಯುತ್ತದೆ. ಅದರ 79ನೇ ಕಲಂ ಪ್ರಕಾರ ಮಧ್ಯವರ್ತಿ ಆ ಬರಹಕ್ಕೆ ಹೊಣೆಯಲ್ಲ. ಆದರೆ ಈ ರಕ್ಷಣೆ ಷರತ್ತಿನದು. ಆ ಬರಹವನ್ನು ನೀವು ಆರಿಸಿರಬಾರದು, ತಿದ್ದಿರಬಾರದು, ನಿಯಮಗಳು ಹೇಳಿದ ಎಚ್ಚರಿಕೆಯನ್ನು ಪಾಲಿಸಿರಬೇಕು. ಕೆಟ್ಟದ್ದು ಇದೆ ಎಂದು 'ನಿಜವಾಗಿ ತಿಳಿದ' ಮೇಲೆ ತೆಗೆಯಬೇಕು. ಈ 'ತಿಳಿಯುವುದು' ಅಂದರೇನು ಎಂಬುದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ: ನ್ಯಾಯಾಲಯದ ಆದೇಶವೋ ಸರ್ಕಾರದ ಅಧಿಸೂಚನೆಯೋ ಬರಬೇಕು. ಖಾಸಗಿ ವಕೀಲರ ನೋಟಿಸು ಬಂದ ಮಾತ್ರಕ್ಕೆ ತೆಗೆಯಲೇಬೇಕೆಂಬ ಕಟ್ಟಳೆ ಇಲ್ಲ. (ಆಕ್ಷೇಪಾರ್ಹ ಆನ್‌ಲೈನ್ ಸಂದೇಶವನ್ನು ಅಪರಾಧವೆನ್ನುತ್ತಿದ್ದ ಅದೇ ಕಾಯ್ದೆಯ 66ಎ ಕಲಮನ್ನು ಈ ತೀರ್ಪು ರದ್ದು ಮಾಡಿತು. ಹತ್ತು ವರ್ಷ ದಾಟಿದರೂ "66ಎ ಹಾಕಿಸ್ತೀನಿ" ಎನ್ನುವವರು ಸಿಗುತ್ತಾರೆ. ಹೆದರಬೇಡಿ.)

ಹಾಗಾದರೆ ನೀವು ಗೆದ್ದಿರಿ ಎಂದಲ್ಲ. ಮುನ್ನೂರು ಅಭಿಪ್ರಾಯಗಳ ನಡುವೆ ಆ ಒಂದು ವಾಕ್ಯ ತನ್ನ ಪಾಡಿಗೆ ಬಿದ್ದಿದ್ದರೆ 79ನೇ ಕಲಂ ನಿಮ್ಮ ಬೆನ್ನಿಗಿರುತ್ತಿತ್ತು. ಅದೊಂದನ್ನೇ ಆರಿಸಿ, 'ವಿಷ' ಎಂಬ ಪದವನ್ನು ನೀವೇ ಸೇರಿಸಿದ್ದರಿಂದ, ಆ ಭಾಗದ ಮಟ್ಟಿಗೆ ನೀವು ಮಧ್ಯವರ್ತಿಯಲ್ಲ, ಪ್ರಕಟಿಸಿದವರು. ಇನ್ನೊಂದು ವಿಷಯವನ್ನು ಎದುರಿನ ವಕೀಲರು ಖಂಡಿತ ಎತ್ತುತ್ತಾರೆ: ನೀವೂ ಬೆಲ್ಲ ಮಾರುವವರು. ಪೈಪೋಟಿಯ ಆಲೆಮನೆಯನ್ನು ಹಳಿಯುವ ಮಾತು ನಿಮ್ಮ ಅಂಗಡಿಯ ಬಾಗಿಲಲ್ಲೇ ತೂಗುತ್ತಿದೆ. "ಸಾರ್ವಜನಿಕರ ಹಿತಕ್ಕಾಗಿ, ಸದುದ್ದೇಶದಿಂದ ಹಾಕಿದೆವು" ಎಂಬ ಸಮರ್ಥನೆ ಪತ್ರಿಕೆಯವರ ಬಾಯಲ್ಲಿ ನಿಲ್ಲಬಹುದು, ಪ್ರತಿಸ್ಪರ್ಧಿ ವ್ಯಾಪಾರಿಯ ಬಾಯಲ್ಲಿ ನಿಲ್ಲುವುದು ಕಷ್ಟ. ನಿಮ್ಮ ಪ್ರಕರಣದ ಅತಿ ದುರ್ಬಲ ಜಾಗ ಇದು.

ಮಾತು ನಿಜವಾಗಿದ್ದರೆ ಬಚಾವೇ? ಸಿವಿಲ್ ದಾವೆಯಲ್ಲಿ ಸತ್ಯವೇ ಪೂರ್ತಿ ರಕ್ಷಣೆ, ಆದರೆ ರುಜುವಾತು ಮಾಡುವ ಹೊರೆ ನಿಮ್ಮ ತಲೆಯ ಮೇಲೆ. "ಬಣ್ಣ ನೋಡಿದರೇ ಗೊತ್ತಾಗುತ್ತೆ" ಎಂಬುದು ಸಾಕ್ಷ್ಯವಲ್ಲ. ಕೊಂಡ ಬೆಲ್ಲವನ್ನು ಯಾವುದೋ ಲ್ಯಾಬಿಗೆ ಕಳಿಸಿ ತಂದ ಚೀಟಿಯೂ ಅಷ್ಟು ಗಟ್ಟಿಯಲ್ಲ, ಆ ತುಂಡು ಆ ಆಲೆಮನೆಯದೇ ಎಂದು ಹೇಗೆ ತೋರಿಸುತ್ತೀರಿ? ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಂ ಪ್ರಕಾರ ಕೊಳ್ಳುವವರು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಆದರೆ ಪರೀಕ್ಷೆಗೆ ಕೊಡುತ್ತೇನೆಂದು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿರಬೇಕು. ನಿಜವಾದ ಅನುಮಾನವಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ದೂರು ಕೊಡಿ. ಮುಖಪುಟ ಅದಕ್ಕೆ ಜಾಗವಲ್ಲ.

ಈಗ ಏಳು ದಿನದಲ್ಲಿ ಮಾಡಬೇಕಾದ್ದು. ಕ್ರಮ ತಪ್ಪಬೇಡಿ.

ನೋಟಿಸು ಬಂದ ತಕ್ಷಣ ಗಾಬರಿಯಲ್ಲಿ ಅಳಿಸಿಬಿಡುವುದು ಎಲ್ಲರೂ ಮಾಡುವ ಮೊದಲ ತಪ್ಪು. ಅಳಿಸಿದರೆ ನಿಮ್ಮ ಪರ ಸಾಕ್ಷ್ಯವೂ ಹೋಗುತ್ತದೆ. ಗ್ರಾಹಕರು ಏನು ಬರೆದಿದ್ದರು, ನೀವು ಏನು ಸೇರಿಸಿದಿರಿ ಎಂಬ ವ್ಯತ್ಯಾಸ ತೋರಿಸಲು ಏನೂ ಉಳಿಯುವುದಿಲ್ಲ. ಮೊದಲು ಆ ಪುಟದ ವಿಳಾಸ, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಡೇಟಾಬೇಸಿನ ಪ್ರತಿ ಇಳಿಸಿಕೊಳ್ಳಿ. ಹೋಸ್ಟಿಂಗ್ ಕಂಪನಿಯಿಂದ ಸರ್ವರ್ ಲಾಗ್ (ಸೈಟಿನಲ್ಲಿ ಯಾವಾಗ ಏನು ನಡೆಯಿತು ಎಂಬ ದಾಖಲೆ) ಅದೇ ದಿನ ತರಿಸಿ, ಅಗ್ಗದ ಪ್ಲಾನ್‌ಗಳಲ್ಲಿ ಅದು ಕೆಲವೇ ದಿನಗಳಲ್ಲಿ ಅಳಿಯುತ್ತದೆ. ಮೂರನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಪ್ರತಿ ಫೈಲಿನ ಹ್ಯಾಶ್ ಸಂಖ್ಯೆ (ಫೈಲು ಬದಲಾಗಿಲ್ಲ ಎಂದು ತೋರಿಸುವ ಗುರುತು) ಬರೆದಿಡಿ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ನೀವು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು, ಹ್ಯಾಶ್ ಅಲ್ಲಿ ಕೇಳುತ್ತಾರೆ.

ಆಮೇಲೆ ತಲೆಬರಹ ತೆಗೆಯಿರಿ, ಮುಖಪುಟದಿಂದ ಇಳಿಸಿ. ಇದರಲ್ಲಿ ಚರ್ಚೆಯೇ ಬೇಡ, ಕೈಯಲ್ಲಿ ರುಜುವಾತಿಲ್ಲದ 'ವಿಷ' ಎಂಬ ಪದವನ್ನು ಇನ್ನೊಂದು ದಿನ ಇಟ್ಟುಕೊಂಡರೂ ನಷ್ಟ ನಿಮಗೇ. ಗ್ರಾಹಕರ ವಾಕ್ಯವನ್ನು ಅಳಿಸದೆ ಸಾರ್ವಜನಿಕರಿಗೆ ಕಾಣದಂತೆ ಮರೆಮಾಡಿ. ಹೀಗೆ ನೀವಾಗಿಯೇ ತೆಗೆದರೆ 79ರ ರಕ್ಷಣೆ ಹೋಗುತ್ತದೆಂಬ ಭಯ ಬೇಡ, ಮಾಹಿತಿ ತಂತ್ರಜ್ಞಾನ ಮಧ್ಯವರ್ತಿ ನಿಯಮಗಳು, 2021 ಅದಕ್ಕೆ ಅವಕಾಶ ಕೊಟ್ಟಿವೆ. ತೆಗೆದ ಬರಹವನ್ನು 180 ದಿನ ಕಾಪಾಡಿಡಬೇಕೆಂಬ ಷರತ್ತಿದೆ. ಮಾನಹಾನಿಯ ಸಿವಿಲ್ ದಾವೆಗೆ ಕಾಲಮಿತಿ ಒಂದು ವರ್ಷ, ಕ್ರಿಮಿನಲ್ ದೂರಿಗೆ ಅದಕ್ಕಿಂತ ಹೆಚ್ಚು. ಹಾಗಾಗಿ ಮೂರು ವರ್ಷ ಇಡಿ ಎಂಬುದು ನಮ್ಮ ಸಲಹೆ.

ಬರೆದ ಗ್ರಾಹಕರಿಗೆ ಇಮೇಲ್ ಕಳಿಸಿ: "ನಿಮ್ಮ ಅಭಿಪ್ರಾಯದ ಮೇಲೆ ಆಕ್ಷೇಪ ಬಂದಿದೆ. ನಿಮ್ಮ ಬಳಿ ರಸೀದಿ, ಪರೀಕ್ಷಾ ವರದಿ ಇದ್ದರೆ ಮೂರು ದಿನದೊಳಗೆ ಕಳಿಸಿ." ಉತ್ತರ ಬಂದರೂ ಬರದಿದ್ದರೂ ಕೇಳಿದ ದಾಖಲೆ ಉಳಿಯುತ್ತದೆ.

ಅವರ ಫೋನ್ ನಂಬರನ್ನು ಎದುರು ವಕೀಲರಿಗೆ ಕೊಡಬೇಡಿ. ಇಲ್ಲೇ ಬಹಳ ಜನ ಎಡವುವುದು, ನಂಬರ್ ಕೊಟ್ಟರೆ ಪೀಡೆ ತೊಲಗುತ್ತದೆ ಎಂದುಕೊಂಡು ಕೊಟ್ಟುಬಿಡುತ್ತಾರೆ. ಒಪ್ಪಂದದ ಮೇಲೆ ಪಡೆದ ವೈಯಕ್ತಿಕ ಮಾಹಿತಿಯನ್ನು, ನಷ್ಟವಾಗುತ್ತದೆಂದು ತಿಳಿದೂ ಒಪ್ಪಿಗೆಯಿಲ್ಲದೆ ಬಿಟ್ಟುಕೊಡುವುದು ಐಟಿ ಕಾಯ್ದೆಯ 72ಎ ಕಲಂ ಅಡಿ ಅಪರಾಧ. ನ್ಯಾಯಾಲಯ ಆದೇಶಿಸಿದರೆ ಕೊಡಿ. ಅಧಿಕಾರವುಳ್ಳ ಸರ್ಕಾರಿ ಸಂಸ್ಥೆ ಯಾಕೆ ಬೇಕೆಂದು ಬರೆದು ಕೇಳಿದರೆ 2021ರ ನಿಯಮಗಳ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಠಾಣೆಯಿಂದ ಬರೀ ಫೋನ್ ಬಂದರೆ "ಲಿಖಿತವಾಗಿ ಕಳಿಸಿ ಸಾರ್" ಎನ್ನಿ. ಮಾನಹಾನಿ ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಶಿಕ್ಷೆ ಎರಡು ವರ್ಷದವರೆಗಿನ ಸಾದಾ ಸಜೆ, ದಂಡ, ಎರಡೂ, ಇಲ್ಲವೇ ಸಮುದಾಯ ಸೇವೆ.

ಉತ್ತರವನ್ನು ನಿಮ್ಮ ವಕೀಲರ ಮೂಲಕವೇ, ಏಳು ದಿನದೊಳಗೆ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಸಾರ ಇಷ್ಟಿರಲಿ: ತಲೆಬರಹ ಇಂಥ ದಿನ ತೆಗೆದಿದ್ದೇವೆ, ಅಭಿಪ್ರಾಯ ಮೂರನೆಯವರದು, ಪರಿಶೀಲನೆಯವರೆಗೆ ಮರೆಮಾಡಿದ್ದೇವೆ, ವೈಯಕ್ತಿಕ ಮಾಹಿತಿಯನ್ನು ಆದೇಶವಿಲ್ಲದೆ ಕೊಡಲಾಗದು, ಪರಿಹಾರದ ಬೇಡಿಕೆಯನ್ನು ಅಲ್ಲಗಳೆಯುತ್ತೇವೆ, ಇದೆಲ್ಲ ನಮ್ಮ ಹಕ್ಕುಗಳಿಗೆ ಬಾಧಕವಾಗದಂತೆ. ಈ ಕೊನೆಯ ಮಾತು ಬಿಟ್ಟುಹೋದರೆ ತೆಗೆದದ್ದನ್ನೇ ತಪ್ಪೊಪ್ಪಿಗೆ ಎಂದು ಓದಿಯಾರು. ತಲೆಬರಹದ ಮಟ್ಟಿಗೆ ಒಂದು ಸಾಲು ವಿಷಾದ ಬರೆಯುವುದು ಜಾಣತನ ಎಂದೇ ನಮ್ಮ ಅಭಿಪ್ರಾಯ, ಮಾತಿನ ಧಾಟಿಯನ್ನು ವಕೀಲರು ನೋಡಿಕೊಳ್ಳಲಿ. 10 ಲಕ್ಷದ ಅಂಕಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಪರಿಹಾರದ ದಾವೆ ಹಾಕುವಾಗ ಕೇಳಿದ ಮೊತ್ತದ ಮೇಲೆ ನ್ಯಾಯಾಲಯ ಶುಲ್ಕ ಕಟ್ಟಬೇಕು, ಆದ್ದರಿಂದ ನೋಟಿಸಿನ ಅಂಕಿ ದಾವೆಯವರೆಗೆ ಹಾಗೇ ಬರುವುದು ಕಡಿಮೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ವೆಬ್‌ಸೈಟಿಗೆ ಅಂತ ಒಂದೇ ಕಾನೂನಿಲ್ಲ. ಒಂದು ಪುಟದಲ್ಲಿ ನೀವು ಮಾರುವವರು, ಇನ್ನೊಂದರಲ್ಲಿ ಬೇರೆಯವರ ಮಾತಿಗೆ ಜಾಗ ಕೊಟ್ಟವರು, ಮತ್ತೊಂದರಲ್ಲಿ ಜನರ ಹೆಸರು ವಿಳಾಸ ಇಟ್ಟುಕೊಂಡವರು. ಆಯಾ ಪುಟದಲ್ಲಿ ನೀವೇನಾಗಿದ್ದೀರೋ ಹೊಣೆಯೂ ಅದೇ.

ಮಾರುವವರಾಗಿ ನಿಮಗೆ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020 ಅನ್ವಯ. "ನಾವು ಕಂಪನಿಯಲ್ಲ, ಮನೆಯವರೇ ಮಾಡ್ತೀವಿ" ಎಂದರೂ ಬಿಡುಗಡೆ ಇಲ್ಲ. ಸೈಟಿನಲ್ಲಿ ವ್ಯವಹಾರದ ಕಾನೂನುಬದ್ಧ ಹೆಸರು, ವಿಳಾಸ, ಇಮೇಲ್, ಫೋನ್, ಕುಂದುಕೊರತೆ ಅಧಿಕಾರಿಯ ಹೆಸರು, ಹುದ್ದೆ, ಸಂಪರ್ಕ ಇರಬೇಕು. ಬರೀ ವಾಟ್ಸಾಪ್ ಗುಂಡಿ ಸಾಲದು. ದೂರು ಬಂದ 48 ಗಂಟೆಯಲ್ಲಿ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಮಧ್ಯವರ್ತಿ ನಿಯಮದಲ್ಲಿ ದೂರು ತಲುಪಿದೆ ಎಂದು ತಿಳಿಸಲು 24 ಗಂಟೆ. ಎರಡು ಗಡಿಯಾರ ಇಟ್ಟುಕೊಳ್ಳುವ ಬದಲು ತಲುಪಿದ್ದನ್ನು ತಿಳಿಸಲು ಎಲ್ಲ ದೂರಿಗೂ 24 ಗಂಟೆ ಎಂದುಕೊಳ್ಳಿ. ನ್ಯಾಯಾಲಯದ ಆದೇಶದ ಮೇಲೆ ಬರಹ ತೆಗೆಯಲು 2021ರಲ್ಲಿ 36 ಗಂಟೆ ಕೊಟ್ಟಿದ್ದರು. ನಿಯಮಗಳು ವರ್ಷ ವರ್ಷ ಬಿಗಿಯಾಗುತ್ತಿರುವುದರಿಂದ ಆದೇಶ ಕೈಗೆ ಬಂದ ಗಳಿಗೆಯಲ್ಲೇ ತೆಗೆಯಿರಿ.

ಬೆಲೆಯನ್ನು ಎಲ್ಲ ಸೇರಿಸಿ ಒಂದೇ ಅಂಕಿಯಲ್ಲಿ ತೋರಿಸಬೇಕು, ಅದರ ವಿವರವೂ ಇರಬೇಕು. ಕೆ.ಜಿ.ಗೆ 90 ರೂಪಾಯಿ ಎಂದು ತೋರಿಸಿ ಹಣ ಕಟ್ಟುವ ಕೊನೆಯ ಪುಟದಲ್ಲಿ 'ಪ್ಯಾಕಿಂಗ್ 40' ಎಂದು ಸೇರಿಸುವುದು 2023ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿಗಳ ಪ್ರಕಾರ ವಂಚಕ ವಿನ್ಯಾಸ. ಅಂಥ 13 ಬಗೆಗಳನ್ನು ಅಲ್ಲಿ ಹೆಸರಿಸಿದ್ದಾರೆ. ಮೊದಲೇ ಗುರುತು ಹಾಕಿಟ್ಟ ಒಪ್ಪಿಗೆಯ ಚೌಕವೂ ನಡೆಯದು. ನಿಮ್ಮವರೇ ಗ್ರಾಹಕರ ವೇಷದಲ್ಲಿ ಐದು ನಕ್ಷತ್ರ ಕೊಟ್ಟುಕೊಳ್ಳುವುದಂತೂ ನೇರವಾಗಿ ನಿಷಿದ್ಧ. ಅಭಿಪ್ರಾಯ ಬರೆಯುವವರು ನಿಜವಾಗಿ ಕೊಂಡವರೇ ಎಂದು ಆರ್ಡರ್ ಸಂಖ್ಯೆಯಿಂದ ತಾಳೆ ನೋಡಿ ಬಿಟ್ಟಿದ್ದರೆ, ಈ ಹೈಡ್ರೋಸ್ ತಂಟೆಯೇ ಇರುತ್ತಿರಲಿಲ್ಲವೇನೋ. ಬೇರೆ ಆಲೆಮನೆಯ ಬೆಲ್ಲಕ್ಕೆ ನಿಮ್ಮಲ್ಲಿ ಆರ್ಡರ್ ಸಂಖ್ಯೆ ಎಲ್ಲಿಂದ ಬರಬೇಕು?

ಪೊಟ್ಟಣದ ಮೇಲಿರಬೇಕಾದ ವಿವರ, ಅಂದರೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ಗ್ರಾಹಕರ ದೂರಿಗೆ ಸಂಪರ್ಕ, ಇವು ಸೈಟಿನಲ್ಲೂ ಕಾಣಬೇಕೆಂದು ಕಾನೂನು ಮಾಪನ ನಿಯಮಗಳು ಹೇಳುತ್ತವೆ. ತಯಾರಾದ ತಿಂಗಳು ವರ್ಷಕ್ಕೆ ಮಾತ್ರ ಸೈಟಿನಲ್ಲಿ ರಿಯಾಯಿತಿ. ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಆಹಾರ ಪರವಾನಗಿ ಅಥವಾ ನೋಂದಣಿ ಸಂಖ್ಯೆಯನ್ನೂ ಹಾಕಿ.

ಜಿಎಸ್‌ಟಿ ವಿಷಯದಲ್ಲಿ ಆಲೆಮನೆಯವರು ತಪ್ಪು ತಿಳಿದಿರುವುದು ಹೆಚ್ಚು. ವಹಿವಾಟು 40 ಲಕ್ಷ ದಾಟಿಲ್ಲ, ಆದ್ದರಿಂದ ನೋಂದಣಿ ಬೇಡ ಎಂಬ ಲೆಕ್ಕ ರಾಜ್ಯದೊಳಗಿನ ಮಾರಾಟಕ್ಕೆ. ತೆರಿಗೆ ಬೀಳುವ ಸರಕನ್ನು ಹೊಸೂರಿಗೋ ಚೆನ್ನೈಗೋ ಕಳಿಸಿದ ಮೊದಲ ಡಬ್ಬದಿಂದಲೇ ನೋಂದಣಿ ಕಡ್ಡಾಯ. ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲ 2022ರ ಜುಲೈ 18ರಿಂದ ತೆರಿಗೆಯ ಸರಕು. ವೆಬ್‌ಸೈಟ್‌ಗೆ ಗಡಿ ಇಲ್ಲದ್ದರಿಂದ ಹೊರರಾಜ್ಯದ ಆರ್ಡರ್ ತಾನಾಗಿಯೇ ಬಂದುಬಿಡುತ್ತದೆ. ನೋಂದಣಿ ಆಗುವವರೆಗೆ ಕರ್ನಾಟಕದ ಪಿನ್‌ಕೋಡ್‌ಗಳನ್ನು ಮಾತ್ರ ಸ್ವೀಕರಿಸುವಂತೆ ಸೈಟನ್ನು ಕಟ್ಟಿಹಾಕಿ. ರೈತರ ಸರಕಿನದು ಬೇರೆ ಕಥೆ. ನೀವು ಕೊಂಡು ಮಾರಿದರೆ ನೀವೇ ಮಾರಾಟಗಾರರು. ಗ್ರಾಹಕರ ಹಣ ನಿಮ್ಮ ಖಾತೆಗೆ ಬಂದು, ಕಮಿಷನ್ ಮುರಿದು ರೈತರಿಗೆ ಹೋದರೆ ನೀವು ಮಾರುಕಟ್ಟೆ ನಡೆಸುವವರು, ಆಗ ಮೂಲದಲ್ಲೇ ತೆರಿಗೆ ಸಂಗ್ರಹಿಸುವ ಹೊಣೆಯೂ ಬರಬಹುದು. ಸಣ್ಣ ಪ್ರಮಾಣದಲ್ಲಿ ಕೊಂಡು ಮಾರುವುದೇ ಲೇಸು, ಲೆಕ್ಕ ಪರಿಶೋಧಕರ ಬಳಿ ಒಮ್ಮೆ ಕೂತು ತೀರ್ಮಾನಿಸಿ.

ಸರಕಿನ ವರ್ಣನೆಯಲ್ಲಿ ಎರಡು ಪದಗಳ ಮೇಲೆ ಕಣ್ಣಿರಲಿ. "ಶುಗರ್ ಇರುವವರೂ ಧಾರಾಳವಾಗಿ ತಿನ್ನಬಹುದು", "ರಕ್ತಹೀನತೆ ವಾಸಿ" ಎಂಬಂಥ ಸಾಲು ಬೆಲ್ಲ ಮಾರುವವರ ಸೈಟುಗಳಲ್ಲಿ ಸಾಮಾನ್ಯ. ಆಹಾರ ಕಾಯಿಲೆ ವಾಸಿ ಮಾಡುತ್ತದೆ ಎನ್ನುವುದಕ್ಕೆ 2018ರ ಜಾಹೀರಾತು ನಿಬಂಧನೆಗಳಲ್ಲಿ ಅವಕಾಶವಿಲ್ಲ. ದಾರಿ ತಪ್ಪಿಸುವ ಆಹಾರ ಜಾಹೀರಾತಿಗೆ ಆಹಾರ ಸುರಕ್ಷತೆ ಕಾಯ್ದೆಯ 53ನೇ ಕಲಂ ಅಡಿ 10 ಲಕ್ಷದವರೆಗೆ ದಂಡ. 'ಸಾವಯವ' ಎಂಬ ಪದಕ್ಕೆ ಎನ್‌ಪಿಒಪಿ ಅಥವಾ ಪಿಜಿಎಸ್ ಎಂಬ ಸರ್ಕಾರಿ ಸಾವಯವ ಯೋಜನೆಯ ಪ್ರಮಾಣಪತ್ರ ಬೇಕು. ನೇರವಾಗಿ ಮಾರುವ ತೀರಾ ಚಿಕ್ಕ ಉತ್ಪಾದಕರಿಗೆ ವಿನಾಯಿತಿ ಇದೆ. ಮುಂದೆ ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ ಮಾರುವ ಯೋಚನೆ ಇದ್ದರೆ, ಇವು ಭೌಗೋಳಿಕ ಸೂಚಕ ಪಡೆದ ಹೆಸರುಗಳು, ಬೇರೆ ಕಡೆಯ ಬಾಳೆಗೆ ಆ ಹೆಸರು ಹಚ್ಚುವಂತಿಲ್ಲ.

ಗೂಗಲ್‌ನಲ್ಲಿ ಸಿಕ್ಕ ಆಲೆಮನೆಯ ಚಿತ್ರ ಹಾಕಿದ್ದರೆ ಇವತ್ತೇ ತೆಗೆದು ನಿಮ್ಮದೇ ಕೊಪ್ಪರಿಗೆಯ ಫೋಟೋ ಹಾಕಿ.

ಜನರ ಮಾಹಿತಿಯ ಮಾತಿಗೆ ಬರೋಣ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಹೊಣೆಗಳು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿಂದ. ಏನನ್ನು, ಯಾತಕ್ಕೆ ಪಡೆಯುತ್ತೀರಿ ಎಂದು ಸರಳವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಅದನ್ನು ಓದುವ ಆಯ್ಕೆ ಗ್ರಾಹಕರಿಗಿರಬೇಕು, ಕನ್ನಡವೂ ಅದರಲ್ಲಿದೆ. 18 ತುಂಬದವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಸುರಕ್ಷತೆಯಲ್ಲಿ ಎಡವಿದರೆ ದಂಡದ ಮೇಲ್ಮಿತಿ 250 ಕೋಟಿ. ನಿಮ್ಮಂಥವರಿಗೆ ಅಷ್ಟು ಬೀಳುತ್ತದೆಂದಲ್ಲ, ತಪ್ಪಿನ ಗಾತ್ರ ನೋಡಿ ದತ್ತಾಂಶ ಸಂರಕ್ಷಣಾ ಮಂಡಳಿ ನಿರ್ಧರಿಸುತ್ತದೆ.

ಸಣ್ಣ ಸೈಟುಗಳಲ್ಲಿ ಮಾಹಿತಿ ಸೋರುವುದು ಹ್ಯಾಕರ್‌ಗಳಿಂದಲೇ ಎಂದುಕೊಳ್ಳಬೇಡಿ. ಆರ್ಡರ್‌ಗಳೆಲ್ಲ ಒಂದು ಗೂಗಲ್ ಶೀಟಿಗೆ ಬೀಳುತ್ತವೆ, ಪ್ಯಾಕಿಂಗ್ ಹುಡುಗರಿಗೆ ಅನುಕೂಲವಾಗಲಿ ಎಂದು 'ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು' ಎಂದು ಬಿಟ್ಟಿರುತ್ತಾರೆ, ಆ ಲಿಂಕ್ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತದೆ. ಸಾವಿರ ಮನೆಗಳ ಹೆಸರು, ಮೊಬೈಲ್, ಬಾಗಿಲ ಗುರುತು ಬಯಲಲ್ಲಿ. ಇವತ್ತು ರಾತ್ರಿಯೇ ಹೋಗಿ ಶೇರಿಂಗ್ ಸೆಟ್ಟಿಂಗ್ ನೋಡಿ, ಹೆಸರಿಸಿದ ಇಮೇಲ್‌ಗಳಿಗೆ ಮಾತ್ರ ಬಿಡಿ, ತಲುಪಿಸಿ ಮುಗಿದ ಆರ್ಡರ್‌ಗಳ ಫೋನ್ ಕಾಲಂ ಅಳಿಸಿ, ತೆರಿಗೆಗೆ ಬೇಕಾದ ಬಿಲ್ಲನ್ನು ಬೇರೆ ಇಡಿ. ಸೈಟಿಗೆ ಯಾರಾದರೂ ನುಗ್ಗಿದ್ದು ಗೊತ್ತಾದರೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಇದು 2022ರ ಏಪ್ರಿಲ್ 28ರ ನಿರ್ದೇಶನ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮೊದಲು ಕರೆ ಮಾಡಿ, ಆಮೇಲೆ ಜಿಲ್ಲೆಯ ಸೆನ್ (ಸೈಬರ್ ಅಪರಾಧ) ಠಾಣೆ.

ಷರತ್ತುಗಳ ಪುಟವನ್ನು ಯಾವುದೋ ಅಮೆರಿಕದ ಸೈಟಿನಿಂದ ಇಳಿಸಿಕೊಂಡಿದ್ದೀರಾ ಎಂದೂ ನೋಡಿ. ಮಂಡ್ಯದ ಬೆಲ್ಲದ ಜಗಳಕ್ಕೆ ಕ್ಯಾಲಿಫೋರ್ನಿಯಾ ನ್ಯಾಯಾಲಯ ಎಂದು ಬರೆದುಕೊಂಡಿರುವ ಸೈಟುಗಳಿವೆ. ಹಾಗಂತ "ಮಂಡ್ಯ ನ್ಯಾಯಾಲಯದ ವ್ಯಾಪ್ತಿ ಮಾತ್ರ" ಎಂದು ಬರೆದರೂ ಗ್ರಾಹಕರನ್ನು ತಡೆಯಲಾಗದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು, ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಕರಗಿ ನೀರಾದ ಎರಡು ಕೆ.ಜಿ. ಬೆಲ್ಲಕ್ಕಾಗಿ ಕಲಬುರಗಿಗೆ ಓಡಾಡುವ ಬದಲು ಹಣ ವಾಪಸ್ ಕೊಡುವುದೇ ಅಗ್ಗ.

ಕೊನೆಗೆ, ಡೊಮೇನ್ (ಸೈಟಿನ ವಿಳಾಸ) ಯಾರ ಹೆಸರಿನಲ್ಲಿದೆ? ಸೈಟ್ ಮಾಡಿಕೊಟ್ಟ ಹುಡುಗನ ಇಮೇಲಿನಲ್ಲಿದ್ದರೆ, ಅವನು ಬೆಂಗಳೂರಿಗೆ ಹೋಗಿ ಫೋನ್ ಎತ್ತದಿದ್ದ ದಿನ ನ್ಯಾಯಾಲಯದ ಆದೇಶ ಪಾಲಿಸಲೂ ನಿಮಗೆ ಆಗದು. ಸೈಟಿನ ವಿನ್ಯಾಸ, ಬರಹದ ಹಕ್ಕುಸ್ವಾಮ್ಯವೂ ಬರೆದುಕೊಡದ ಹೊರತು ಅವನದೇ. ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಓದುತ್ತದೆ. ಡೊಮೇನ್, ಹೋಸ್ಟಿಂಗ್, ಪಾಸ್‌ವರ್ಡ್ ಮೂರನ್ನೂ ನಿಮ್ಮ ಹೆಸರಿಗೆ ಮಾಡಿಸಿ, ಒಂದು ಪುಟದ ಕಾಗದದಲ್ಲಿ ಅವನ ಸಹಿ ಪಡೆಯಿರಿ. ನೋಟಿಸಿನ ಉತ್ತರಕ್ಕೆ ವಕೀಲರನ್ನು ಕಾಣಲು ಹೋದಾಗ ಅದನ್ನೂ ಅಲ್ಲೇ ಬರೆಸಿಕೊಂಡು ಬನ್ನಿ.